ಅಡ್ಮಿನ್‌ಗೆ ಬೀಳ್ಕೊಡುಗೆ

(ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗ. ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಎಲ್ಲರೂ ಬಳಸುತ್ತಿದ್ದ ‘ಅಡ್ಮಿನ್’ ಖಾತೆಯನ್ನು ಮುಚ್ಚಲು ಸುತ್ತೋಲೆ ಬಂದಿದೆ. ಕೊನೆಯ ದಿನ ಅದು ಮಾತಿಗೆ ಸಿಕ್ಕಿತು.)

ಪ್ರಶ್ನೆ: ಇಷ್ಟು ವರ್ಷದ ಸೇವೆ ಹೇಗಿತ್ತು?

ಅಡ್ಮಿನ್: ಸೇವೆ ಎಲ್ಲಿ ಬಂತು ಸ್ವಾಮಿ, ಧರ್ಮಛತ್ರ! ವಿಂಡೋಸ್ ವಿಸ್ಟಾ ಕಾಲದಿಂದ ಕಂಪನಿಯವರು ನನ್ನನ್ನು ಮಲಗಿಸಿಯೇ ಕಳಿಸ್ತಾರೆ. ಇಲ್ಲಿನವರು ಎಬ್ಬಿಸಿ ಕೂರಿಸಿದರು. ಎಫ್‌ಡಿಎ, ಎಸ್‌ಡಿಎ, ಮಧ್ಯಾಹ್ನ ಸಿನಿಮಾ ನೋಡೋ ಡ್ರೈವರ್, ಎಲ್ಲರೂ ನಾನೇ.

ಪ್ರಶ್ನೆ: ಪಾಸ್‌ವರ್ಡ್ ಇರಲಿಲ್ಲವೇ?

ಅಡ್ಮಿನ್: ಇತ್ತಲ್ಲ, ಮಾನಿಟರ್ ಕೆಳಗೆ, ಸೆಲೊಟೇಪ್ ಹಾಕಿ. ಟೇಪು ಹಳದಿಯಾಗಿ ಅಕ್ಷರ ಕಾಣದಾದಾಗ ಹೊಸ ಚೀಟಿ ಅಂಟಿಸಿದರು. ಪಾಸ್‌ವರ್ಡ್ ಹಳೇದೇ. ಎಲ್ಲ ಕಂಪ್ಯೂಟರ್‌ಗೂ ಅದೊಂದೇ.

ಪ್ರಶ್ನೆ: ನೆನಪಿಡೋಕೆ ಸುಲಭ ಅಲ್ಲವೇ?

ಅಡ್ಮಿನ್: ವೈರಸ್‌ಗೂ ಸುಲಭ. ಒಂದು ಕಡೆ ನನ್ನ ಗುಟ್ಟು ಸಿಕ್ಕರೆ ಉಳಿದ ಕಡೆಯೂ ನುಗ್ಗುತ್ತೆ. ಅದಕ್ಕೇ 2015ರಲ್ಲಿ ಮೈಕ್ರೋಸಾಫ್ಟ್‌ನವರು ‘ಲ್ಯಾಪ್ಸ್’ ತಂದರು. ಯಂತ್ರಕ್ಕೊಂದು ಪಾಸ್‌ವರ್ಡ್, ಅದೂ ತಾನೇ ಬದಲಾಗುತ್ತೆ. ಇಲ್ಲಿ ಬದಲಾಗಿದ್ದು ಗೋಡೆ ಮೇಲಿನ ಕ್ಯಾಲೆಂಡರ್ ಮಾತ್ರ.

ಪ್ರಶ್ನೆ: ಇನ್ನು ಮುಂದೆ?

ಅಡ್ಮಿನ್: ಅವರವರ ಹೆಸರಲ್ಲಿ ಸಾಮಾನ್ಯ ಖಾತೆ. ಪತ್ರ ಟೈಪ್ ಮಾಡಬಹುದು, ಪ್ರಿಂಟ್ ತೆಗೀಬಹುದು. ಕಂಡಕಂಡ ಸಾಫ್ಟ್‌ವೇರ್ ತುಂಬೋ ಹಾಗಿಲ್ಲ.

ಪ್ರಶ್ನೆ: ಕನ್ನಡ ಟೈಪ್ ಮಾಡೋ ‘ನುಡಿ’ ಹಾಕಿಕೊಳ್ಳೋಕೂ ಅಪ್ಪಣೆ ಬೇಕು ಅಂತ ಸಿಬ್ಬಂದಿ ಗೋಳಾಡ್ತಿದ್ದಾರೆ.

ಅಡ್ಮಿನ್: ನ್ಯಾಯವಾದ ದೂರು. ಬೇಕಾದ್ದನ್ನ ಮೊದಲೇ ಹಾಕಿಕೊಡಬೇಕು. ಅಪ್ಪಣೆ ಕೊಡೋರು ಬರೋಕೆ ವಾರ ಹಿಡಿದರೆ, ಮೂರನೇ ದಿನಕ್ಕೆ ಚೀಟಿ ಮತ್ತೆ ಅಂಟುತ್ತೆ. ಆದರೆ ಅಸಲಿ ಸಂಕಟ ಬೇರೆ.

ಪ್ರಶ್ನೆ: ಏನದು?

ಅಡ್ಮಿನ್: ಹೆಸರು! ಯಾರು ಲಾಗಿನ್ ಆದರೂ ವಿಂಡೋಸ್ 4624 ಅಂತ ನಂಬರ್ ಹಾಕಿ, ಖಾತೆ ಯಾವುದು, ಎಷ್ಟು ಹೊತ್ತಿಗೆ ಅಂತ ಬರೆದಿಡುತ್ತೆ. ಇಲ್ಲೀವರೆಗೆ ಬರೀ ನನ್ನ ಹೆಸರು. ಕಡತ ಕಾಣೆಯಾದರೆ ಎಲ್ಲರ ಬೆರಳೂ ನನ್ನ ಕಡೆ. ನನಗೆ ನೋಟಿಸ್ ಕೊಡ್ತೀರಾ? ಅಮಾನತು ಮಾಡ್ತೀರಾ?

ಪ್ರಶ್ನೆ: ಕಾನೂನು ಸುಮ್ಮನಿರುತ್ತಾ?

ಅಡ್ಮಿನ್: ಐಟಿ ಕಾಯ್ದೆ 66ಸಿ ಇದೆಯಲ್ಲ. ಮೋಸದಿಂದ ಬೇರೆಯವರ ಪಾಸ್‌ವರ್ಡ್ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆದರೆ ಊರಿಗೆಲ್ಲ ಸೇರಿದ ನನ್ನನ್ನ ‘ಬೇರೆಯವರದು’ ಅಂತ ಹೇಗೆ ಸಾಬೀತು ಮಾಡ್ತೀರಿ?

ಪ್ರಶ್ನೆ: ನಾಳೆಯಿಂದ ಎಲ್ಲ ಸರಿಹೋಗುತ್ತೆ ಅನ್ನಿ.

ಅಡ್ಮಿನ್: ಖಂಡಿತ. ಮ್ಯಾನೇಜರ್ ಸಾಹೇಬರು ಈಗಷ್ಟೇ ತಮ್ಮ ಹೊಸ ಪಾಸ್‌ವರ್ಡ್ ಇಟ್ಟುಕೊಂಡು, ಡಾಟಾ ಎಂಟ್ರಿ ಹುಡುಗನನ್ನ ಕರೆದರು: “ನೋಡಪ್ಪಾ, ನಂದೂ ನೀನೇ ನೋಡ್ಕೋ.”