ರಜೆ ಹಾಕಿದ ಬಲಗೈ

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ ಎಂಬುದು ಆಪರೇಷನ್ ಆಗುವವರೆಗೆ ಯಾರಿಗೂ ಬೇಡದ ಸಂಗತಿ. ಆಮೇಲೆ ಎಂಟೂ ಸರದಿಯಂತೆ ಹಾಜರಿ ಹೇಳುತ್ತವೆ, ಅದೂ ರಾತ್ರಿ ಹೊತ್ತು. ನನ್ನದು ಮುರಿದದ್ದು ಸ್ಕೇಫಾಯ್ಡ್, ಗೋಡಂಬಿಯಂಥ ಮೂಳೆ. ಅದಕ್ಕೆ ರಕ್ತ ತುದಿಯ ಕಡೆಯಿಂದ ಹಿಮ್ಮುಖವಾಗಿ ಹರಿಯುವುದರಿಂದ ಕೂಡಿಕೊಳ್ಳುವುದು ತಡ. ಡಾಕ್ಟರು ಒಳಗೊಂದು ಸ್ಕ್ರೂ ಕೂರಿಸಿ, "ಕೆಲವು ತಿಂಗಳು ನೋವಿರುತ್ತೆ" ಎಂದರು. ಕೆಲವು ಅಂದರೆ ಎಷ್ಟು ಎಂದರೆ ನಕ್ಕರು.

ಎಡಗೈಯಲ್ಲಿ ಶರಟಿನ ಗುಂಡಿ ಹಾಕಬಹುದು, ಪುರುಸೊತ್ತು ಬೇಕು ಅಷ್ಟೆ. ನಿಜವಾದ ಪಜೀತಿ ಮದುವೆಮನೆ ಪಂಕ್ತಿಯಲ್ಲಿ. ಬಾಳೆಲೆಯ ಮೇಲೆ ಎಡಗೈ ಚಮಚದಲ್ಲಿ ಅನ್ನದ ಕಟ್ಟೆ ಕಟ್ಟಿ ಸಾರು ತಡೆಯುವಷ್ಟರಲ್ಲಿ ಪಾಯಸದ ಬಕೆಟ್ಟು ಮುಂದೆ ಹೋಗಿರುತ್ತದೆ. ಎದುರಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಪಕ್ಕದವರು, "ಪುತ್ತೂರು ಕಟ್ಟು ಹಾಕಿಸಬಾರದಿತ್ತೇ?" ಎನ್ನುತ್ತಾರೆ, ಹೊಲಿಗೆ ಬಿಚ್ಚಿದ ಮೇಲೆ!

ಫಿಸಿಯೋಥೆರಪಿಯವರು ಸ್ಪಂಜಿನ ಚೆಂಡು ಹಿಸುಕಲು ಹೇಳಿದ್ದರು. ಮನೆಯಾಕೆ ಚಪಾತಿ ಹಿಟ್ಟು ಮುಂದಿಟ್ಟಳು. ವ್ಯಾಯಾಮವೂ ಆಯಿತು, ರಾತ್ರಿ ಊಟವೂ ಆಯಿತು. ಅವಳ ವೈದ್ಯಕೀಯ ಜ್ಞಾನಕ್ಕೆ ನಾನು ಎದುರಾಡುವುದಿಲ್ಲ.

ದಾರಿಯಲ್ಲಿ ಸಿಕ್ಕರೆ ದಯವಿಟ್ಟು ಕೈ ಕುಲುಕಬೇಡಿ. ನಮಸ್ಕಾರವನ್ನೂ ನಿರೀಕ್ಷಿಸಬೇಡಿ, ಅದಕ್ಕೆ ಮಣಿಕಟ್ಟು ಹಿಂದಕ್ಕೆ ಬಾಗಬೇಕು. ಕಾಫಿ ಕೊಡಿಸಿ, ಬಿಲ್ಲೂ ನೀವೇ ಕೊಡಿ. ನನ್ನ ಪರ್ಸು ಇರುವುದು ಬಲಜೇಬಿನಲ್ಲಿ.