ಕಳ್ಳಿಯ ತಲೆಗೆ ಹತ್ತು ಸಾವಿರ ಪೌಂಡ್

ದನ ಮೇಯುವ ನೆಲದಲ್ಲಿ ಪಾಪಾಸುಕಳ್ಳಿ ಹಬ್ಬಿದರೆ ಏನು ಮಾಡಬೇಕೆಂದು ಕಲಿಯಬೇಕಾದವರು ಆಸ್ಟ್ರೇಲಿಯಾದ ಕಡೆ ನೋಡಬೇಕು. ಏನೇನು ಮಾಡಬಾರದೋ ಅದನ್ನೆಲ್ಲ ಅಲ್ಲಿನವರು ಕ್ರಮವಾಗಿ, ಕಾಯಿದೆ ಪ್ರಕಾರ, ಸರ್ಕಾರದ ಖರ್ಚಿನಲ್ಲೇ ಮಾಡಿ ಮುಗಿಸಿದ್ದಾರೆ.

ಮೊದಲ ಹೆಜ್ಜೆ, ಕಳ್ಳಿಯನ್ನು ನಾವೇ ಕರೆತರುವುದು. 1788ರಲ್ಲಿ ಕೈದಿಗಳನ್ನು ತುಂಬಿಕೊಂಡು ಬಂದ ಬ್ರಿಟಿಷ್ ಹಡಗುಗಳು ದಾರಿಯಲ್ಲಿ ಬ್ರೆಜಿಲ್‌ನಿಂದ ಕಳ್ಳಿಯನ್ನೂ ಅದನ್ನು ತಿಂದು ಬದುಕುವ ಕೊಚಿನೀಲ್ ಕೀಟವನ್ನೂ ಹತ್ತಿಸಿಕೊಂಡವು. ಸಿಪಾಯಿಯ ಅಂಗಿಗೆ ಕೆಂಪು ಬಣ್ಣ ಬೇಕು, ಬಣ್ಣಕ್ಕೆ ಕೀಟ ಬೇಕು, ಕೀಟಕ್ಕೆ ಕಳ್ಳಿ ಬೇಕು. ಬಣ್ಣದ ಉದ್ಯಮ ಮೇಲೇಳಲಿಲ್ಲ, ಕಳ್ಳಿ ಮಾತ್ರ ಉಳಿಯಿತು. ಆಮೇಲೆ ಅದರ ದಾಯಾದಿಗಳೂ ಬೇಲಿಗೆಂದು, ಅಂಗಳದ ಚೆಂದಕ್ಕೆಂದು ಬಂದಿಳಿದವು. ಬೇಲಿಯೇ ಎದ್ದು ಹೊಲ ಮೇಯ್ದರೆ ನಮ್ಮಲ್ಲಿ ಗಾದೆಯಾಗುತ್ತದೆ, ಅಲ್ಲಿ ಆಯೋಗವಾಯಿತು. 1925ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ಕಳ್ಳಿಯ ಪಾಲಾಗಿತ್ತು. ನಮ್ಮ ಇಡೀ ಕರ್ನಾಟಕ ಅದರೊಳಗೆ ಕೂತು ಇನ್ನೂ ಜಾಗ ಉಳಿಯುತ್ತದೆ.

ಎರಡನೆಯ ಹೆಜ್ಜೆ, ಬಹುಮಾನ. ಕಳ್ಳಿ ನಾಶದ ಉಪಾಯ ಹೇಳಿದವರಿಗೆ 5,000 ಪೌಂಡ್ ಎಂದು ಕ್ವೀನ್ಸ್‌ಲ್ಯಾಂಡ್ ಸರ್ಕಾರ 1901ರಲ್ಲಿ ಸಾರಿತು. 1907ರಲ್ಲಿ ಅದನ್ನು 10,000ಕ್ಕೆ ಏರಿಸಿತು. ಮೊತ್ತ ಏರಿದಂತೆ ಕಳ್ಳಿಯೂ ಏರಿತು. ಹಣ ಯಾರ ಕೈಗೂ ಸೇರದೆ ಖಜಾನೆಯಲ್ಲೇ ಭದ್ರವಾಗಿ ಉಳಿದದ್ದು ಈ ಯೋಜನೆಯ ಏಕೈಕ ಉಳಿತಾಯ.

ಮೂರನೆಯದು, ವಿಷ. ಪಾಷಾಣವನ್ನು, ಎಂದರೆ ಆರ್ಸೆನಿಕ್ಕನ್ನು, ಗಂಧಕಾಮ್ಲದಲ್ಲಿ ಕಲೆಸಿ ಕಳ್ಳಿಗೆ ಕುಡಿಸಿದರು. ಕಳ್ಳಿ ಸಾಯುತ್ತಿತ್ತು, ಸುಳ್ಳಲ್ಲ. ಆದರೆ ಒಂದು ಎಕರೆಯ ಕಳ್ಳಿ ಸಾಯಿಸುವ ಖರ್ಚಿನ ಮುಂದೆ ಆ ಎಕರೆಯ ಬೆಲೆಯೇ ಪುಡಿಗಾಸು. ಮೇಲಾಗಿ, ಕಡಿದು ಬಿಸಾಡಿದ ಅಂಗೈಯಗಲದ ತುಂಡು ಬಿದ್ದಲ್ಲೇ ಬೇರು ಬಿಟ್ಟು ಮತ್ತೆ ಹಾಜರಿ ಹಾಕುತ್ತಿತ್ತು. ರೈತ ಮನೆ ಬಿಟ್ಟು ಹೋದ, ವಿಷದ ಅಂಗಡಿ ಮುಚ್ಚಲಿಲ್ಲ.

ನಾಲ್ಕನೆಯ ಹೆಜ್ಜೆಯೇ ಆಡಳಿತದ ಕಳಶ: ಆರೋಪಿಯ ಪತ್ತೆ. 1924ರಲ್ಲಿ ಕಳ್ಳಿಗೆಂದೇ ಒಂದು ಆಯೋಗ ಬಂತು. ಹಣ್ಣು ತಿಂದು ಬೀಜ ಚೆಲ್ಲುವ ಎಮು, ಕಾಗೆಗಳೇ ಅಪರಾಧಿಗಳೆಂದಾಯಿತು. ಎಮುವಿನ ತಲೆಗೆ ಇಷ್ಟು, ಮೊಟ್ಟೆಗೆ ಇಷ್ಟು ಎಂದು ಇನಾಮು ಗೊತ್ತಾಯಿತು. ಕಳ್ಳಿಯನ್ನು ಹಡಗಿಗೆ ಹತ್ತಿಸಿದ್ದು ಎಮುವಲ್ಲ, ಸಿಪಾಯಿಯ ಅಂಗಿ ತೊಡುವುದೂ ಎಮುವಲ್ಲ. ಆದರೆ ಹಡಗಿನ ಸಾಹೇಬರ ತಲೆಗೆ ಇನಾಮು ಸಾರುವುದುಂಟೇ?

ಕೀಟದಿಂದ ಕಳ್ಳಿ ಸಾಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ ಎನ್ನಬೇಡಿ. ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬಣ್ಣದ ಕೀಟವೆಂದು ತಪ್ಪಾಗಿ ಭಾರತಕ್ಕೆ ತಂದ ಇನ್ನೊಂದು ಜಾತಿ ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನೇ ಮುಗಿಸಿತು. 1836ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಅದನ್ನು ಬೇಕೆಂದೇ ಬಿಟ್ಟದ್ದೂ ಆಗಿತ್ತು. ಆಸ್ಟ್ರೇಲಿಯಾದ ತಜ್ಞರು ಇಲ್ಲಿಗೂ ಬಂದು ನೋಡಿಕೊಂಡು ಹೋಗಿದ್ದರು. ಆದರೂ ಪಾಷಾಣದ ಡಬ್ಬಿಗೆ ಇರುವ ಗಾಂಭೀರ್ಯ ಹುಳಕ್ಕೆ ಎಲ್ಲಿಂದ ಬರಬೇಕು?

ಕೊನೆಗೆ 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಬೂದುಬಣ್ಣದ ಪತಂಗದ ಮೂರು ಸಾವಿರಕ್ಕೂ ಕಡಿಮೆ ಮೊಟ್ಟೆ ಬಂದವು. ಈ ಪತಂಗ ಮೊಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಡ್ಡಿ ಮಾಡುತ್ತದೆ. ನೋಡಿದರೆ ಅದೂ ಒಂದು ಮುಳ್ಳೇ. ಅದರಿಂದ ಹೊರಟ ಮರಿಗಳು ಕಳ್ಳಿಯನ್ನು ಕೊರೆದು ಒಳಗೆ ನುಗ್ಗಿ, ತಿರುಳು ಮುಗಿಸಿ, ಬರಿ ತೊಗಲು ಬಿಡುತ್ತವೆ. ಏಳೆಂಟು ವರ್ಷದಲ್ಲಿ ಆ ಕಳ್ಳಿಸಾಮ್ರಾಜ್ಯ ಕೊಳೆತು ಕೂತಿತು. ಟಿ.ಎ. ಇಲ್ಲ, ಡಿ.ಎ. ಇಲ್ಲ. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗದ ರೈತರು 1936ರಲ್ಲಿ ಹುಳದ ಹೆಸರಿನಲ್ಲಿ ಒಂದು ಭವನವನ್ನೇ ಕಟ್ಟಿದರು. ಆಯೋಗಕ್ಕೆ ಅಂಥ ಗೌರವ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಹುಳ ಮುಟ್ಟದ ಜಾತಿಗಳಿಗೆ ಅಲ್ಲಿ ಈಗಲೂ ಕಳೆನಾಶಕವೇ ಗತಿ. ಟ್ರೈಕ್ಲೋಪಿರ್ ಬೆರೆಸಿದ ಡೀಸೆಲ್ಲನ್ನು ಮೈಯೆಲ್ಲ ತೋಯುವಂತೆ ಸಿಂಪಡಿಸಿ ತಿಂಗಳುಗಟ್ಟಲೆ ಕಾಯಬೇಕು, ತಪ್ಪಿದ ತುಂಡು ಚಿಗುರಿದರೆ ಮತ್ತೆ ಕ್ಯಾನು ಹೊರಬೇಕು. ಅತ್ತ ಒಬ್ಬ ಹೀಗೆ ಬೆವರು ಸುರಿಸುವಾಗ ಇತ್ತ ನಗರದಲ್ಲಿ ಇನ್ನೊಬ್ಬ, ನಿಷೇಧವಿದ್ದರೂ, ಅದೇ ಕಳ್ಳಿಯ ತುಂಡನ್ನು ಬಾಲ್ಕನಿಯ ಕುಂಡಕ್ಕೆಂದು ಆನ್‌ಲೈನಿನಲ್ಲಿ ಮಾರುತ್ತಾನೆ. ಯಾವ ಕಳೆಗೆ ಎಷ್ಟು ಔಷಧಿ ಎಂಬುದು ಡಬ್ಬಿಯ ಮೇಲೆ ಮಿಲಿಲೀಟರ್ ಲೆಕ್ಕದಲ್ಲಿದೆ. ಮಾರುವವನಿಗೆ ಎಷ್ಟು ಎಂದು ಬರೆದಿಲ್ಲ.