ಗೃಹಪೂರಣಮೀಮಾಂಸೆ, ಅರ್ಥಾತ್ ಸಗರನಾಡಿನಲ್ಲಿ ಕಾರಿಗೆ ಕರೆಂಟು ಉಣಿಸುವ ಶಾಸ್ತ್ರವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರ್ದೇಶಿಸತಕ್ಕದ್ದೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ ನಾವೂ ಆ ಮರ್ಯಾದೆಯನ್ನು ಮೀರಲಾರೆವು. ಪ್ರಕೃತ ಪ್ರಬಂಧದ ವಿಷಯವು ವಿದ್ಯುಚ್ಚಾಲಿತ ಕಾರಿಗೆ ಮನೆಯ ಗೋಡೆಯಲ್ಲಿ ಪೂರಣಯಂತ್ರವನ್ನು, ಎಂದರೆ ಲೋಕರೂಢಿಯ ಚಾರ್ಜರನ್ನು, ಪ್ರತಿಷ್ಠಾಪಿಸುವ ಕ್ರಮ. ಪ್ರಯೋಜನವು ಪೆಟ್ರೋಲ್ ಬಂಕಿನಿಂದ ಆತ್ಯಂತಿಕ ನಿವೃತ್ತಿ. ಸಂಬಂಧವು ಗೋಡೆಗೂ ಕಾರಿಗೂ ನಡುವೆ ತೂಗುವ ಕೇಬಲ್ಲು. ಅಧಿಕಾರಿಯಾದರೋ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಎಲ್ಲಿಯಾದರೂ ಸ್ವಂತ ಮನೆ, ಸ್ವಂತ ಗೋಡೆ, ಆ ಗೋಡೆಯ ಬುಡದಲ್ಲಿ ಒಂದೆರಡು ಮಾರು ಸ್ವಂತ ನೆಲ ಉಳ್ಳ ಸಂಸಾರಿ. ಬಾಡಿಗೆ ಮನೆಯವನು ಮಾಲೀಕನೆಂಬ ದೇವತೆಯನ್ನು ಮೊದಲು ಪ್ರಸನ್ನಗೊಳಿಸಿಕೊಳ್ಳಬೇಕಾಗಿರುವುದರಿಂದ ಆ ಉಪಾಸನಾಕಾಂಡವನ್ನು ಬೇರೊಂದು ಗ್ರಂಥಕ್ಕೆ ಬಿಟ್ಟಿದ್ದೇವೆ.

ಇನ್ನು ಇತಿಹಾಸ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೂ ಹರಿದುದು ಸರ್ವವಿದಿತವಷ್ಟೆ. ಅದು ಮೈಸೂರು ಸೀಮೆಯ ಭಾಗ್ಯ, ಸಗರನಾಡು ಆಗ ನಿಜಾಮರ ರಾಜ್ಯದಲ್ಲಿತ್ತು. 2001ರಲ್ಲಿ ಬೆಂಗಳೂರಿನಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ಹೊರಡಿಸಿದ ದೇಶದ ಪ್ರಥಮ ರಾಜ್ಯವಾಯಿತು. ನಮ್ಮ ಸೀಮೆಯ ಪ್ರಾಚೀನ ಆಧಾರಗಳನ್ನೂ ಶೋಧಿಸದೆ ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದು, ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯಲ್ಪಡುವ ಬಂಗಲೆಯನ್ನು ಬಿಟ್ಟುಹೋದ ಮೆಡೋಸ್ ಟೇಲರ್ ಸಾಹೇಬನು ತನ್ನ ಆತ್ಮಕಥೆಯಲ್ಲಿ ಈ ಊರಿನ ಸಂಗತಿಗಳನ್ನು ವಿಸ್ತಾರವಾಗಿ ಬರೆದಿರುವನಾದರೂ, ವಾಹನಪೂರಣದ ವಿಷಯದಲ್ಲಿ ಅವನು ತಳೆದಿರುವ ಮೌನವು ಸಂಶೋಧಕನನ್ನು ತೀವ್ರವಾಗಿ ನಿರಾಶೆಗೊಳಿಸುತ್ತದೆ.

ಈ ಶಾಸ್ತ್ರದಲ್ಲಿ ಮೂರು ಪ್ರಸ್ಥಾನಗಳುಂಟು. ವ್ಯವಹಾರಸೌಕರ್ಯಕ್ಕಾಗಿ ಅವಕ್ಕೆ ಮೂರು ಊರುಗಳ ಹೆಸರಿಟ್ಟಿರುವುದನ್ನು ಆಯಾ ಊರಿನವರು ಕ್ಷಮಿಸಬೇಕು. ಫ್ಯಾನಿನ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್ ಬಾಕ್ಸೊಂದನ್ನು ಕಿಟಕಿಯ ಮೂಲಕ ಅಂಗಳಕ್ಕೆ ಎಳೆದುಬಿಟ್ಟರೆ ಸಾಕೆಂಬುದು ಸುರಪುರ ಪ್ರಸ್ಥಾನ. ಇದರ ಖಂಡನೆಗೆ ನಾವು ಶ್ರಮಿಸಬೇಕಾಗಿಲ್ಲ. ಕರಗಿದ ಪ್ಲಗ್ಗಿನ ವಾಸನೆಯೇ ಆ ಕಾರ್ಯವನ್ನು ನಿರ್ವಹಿಸುವುದು. ಕಾರಿನೊಡನೆ ಬರುವ ಕೇಬಲ್ಲಿಗೆ 16 ಆಂಪಿಯರಿನ ಸಾಕೆಟ್ಟೊಂದನ್ನು ಪ್ರತ್ಯೇಕ ವೈರಿನಲ್ಲಿ ಕೊಟ್ಟು 3.3 ಕಿಲೋವಾಟಿನಲ್ಲಿ ತೃಪ್ತರಾಗಬೇಕೆಂಬುದು ಶಹಾಪುರ ಪ್ರಸ್ಥಾನ. 32 ಆಂಪಿಯರಿನ, 7.2 ಕಿಲೋವಾಟಿನ ಗೋಡೆಪೆಟ್ಟಿಗೆಯಿಲ್ಲದೆ ಪುರುಷಾರ್ಥಸಿದ್ಧಿಯಿಲ್ಲವೆಂಬುದು ಯಾದಗಿರಿ ಪ್ರಸ್ಥಾನ. ಮೂವತ್ತು ಯೂನಿಟ್ಟಿನ ಬ್ಯಾಟರಿಯೊಂದು ಬರಿದಾಗಿದ್ದರೆ ಯಾದಗಿರಿ ಮತದಂತೆ ನಾಲ್ಕೈದು ಗಂಟೆಗಳಲ್ಲಿಯೂ ಶಹಾಪುರ ಮತದಂತೆ ಒಂಬತ್ತು ಹತ್ತು ಗಂಟೆಗಳಲ್ಲಿಯೂ ತುಂಬುವುದು. ಆದರೆ ಯಾದಗಿರಿಯಿಂದ ಭೀಮೆಯನ್ನು ದಾಟಿ ಸುರಪುರಕ್ಕೆ ಹೋಗಿಬಂದರೂ ಬ್ಯಾಟರಿ ಪೂರ್ತಿ ಬರಿದಾಗದಿರುವುದರಿಂದಲೂ, ಗೃಹಸ್ಥನು ರಾತ್ರಿಯೆಲ್ಲ ಮಲಗಿಯೇ ಇರುವುದರಿಂದಲೂ, ಶಹಾಪುರ ಮತವೇ ಸಾಧುವೆಂದು ನಮ್ಮ ಅಭಿಪ್ರಾಯ. ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದಂತೆ ತೋರುವ ಬುದ್ಧನಿಗೂ ಅವಸರವಿಲ್ಲವೆಂಬುದನ್ನು ಪೋಷಕ ಪ್ರಮಾಣವಾಗಿ ಹೇಳಬಹುದು.

ಗೋಡೆಯ ಮೇಲಣ ಪೆಟ್ಟಿಗೆಯು ವಸ್ತುತಃ ಚಾರ್ಜರೇ ಅಲ್ಲ. ಮನೆಯ ಎ.ಸಿ. ವಿದ್ಯುತ್ತನ್ನು ಡಿ.ಸಿ.ಯಾಗಿ ಪರಿವರ್ತಿಸುವ ನಿಜವಾದ ಯಂತ್ರವು ಕಾರಿನ ಗರ್ಭದಲ್ಲಿಯೇ ಇರುವುದು, ಪೆಟ್ಟಿಗೆಯದು ದ್ವಾರಪಾಲಕವೃತ್ತಿ. ಕಾರಿನ ಬಾಯಿಗಿಡುವ ಟೈಪ್ ಟೂ ಎಂಬ ಪ್ಲಗ್ಗಿನಲ್ಲಿ ಏಳು ಮೊಳೆಗಳುಂಟು. ಸಿಂಗಲ್ ಫೇಸ್ ಮನೆಯಲ್ಲಿ ಅವುಗಳೊಳಗೆ ಎರಡು ಉದ್ಯೋಗವಿಲ್ಲದೆ ಕುಳಿತಿರುವುವು. ಉಳಿದವುಗಳಲ್ಲಿ ಒಂದು ಸಣ್ಣ ಮೊಳೆಯ ಮೂಲಕ ಪೆಟ್ಟಿಗೆಯು ಕಾರಿನೊಡನೆ ಸಂಜ್ಞಾಭಾಷೆಯಲ್ಲಿ ಸಂಭಾಷಿಸಿ, ಎಷ್ಟು ಆಂಪಿಯರ್ ತೆಗೆದುಕೊಳ್ಳಬಹುದೆಂದು ತಿಳಿಸಿದ ಮೇಲೆಯೇ ಬಾಗಿಲನ್ನು ತೆರೆಯುವುದು. ನೆಲದ ಸಂಪರ್ಕವು ಸರಿಯಾಗಿಲ್ಲವೆಂದು ಅದಕ್ಕೆ ಗೊತ್ತಾದರೆ ಕೆಂಪು ದೀಪವನ್ನು ಹಚ್ಚಿಕೊಂಡು ಮೌನವ್ರತವನ್ನು ಧರಿಸುವುದು. ಲಕ್ಷಾಂತರ ರೂಪಾಯಿಯ ಕಾರು ಅಂಗಳದಲ್ಲಿ ಉಪವಾಸ ಕೂರುವುದು.

ಕರ್ಮಕಾಂಡದಲ್ಲಿ ಹೇಳತಕ್ಕದ್ದು ಸ್ವಲ್ಪ. ಮನೆಗೆ ಮಂಜೂರಾದ ಲೋಡು ಸಾಲದಿದ್ದರೆ ಜೆಸ್ಕಾಂ ಎಂಬ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳತಕ್ಕದ್ದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯ ಫಲಾನುಭವಿಯು ಮಾತ್ರ ಇಲ್ಲಿ ಧರ್ಮಸಂಕಟಕ್ಕೆ ಸಿಕ್ಕುವನು: ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ಹೆಚ್ಚುಕಡಮೆ ನೂರೈವತ್ತು ಯೂನಿಟ್ಟನ್ನು ಕುಡಿಯುವುದರಿಂದ, ಮನೆಯ ಬಳಕೆಯೂ ಸೇರಿ ಮೀಟರು 200ನ್ನು ದಾಟಿತೆಂದರೆ ಇಡೀ ಬಿಲ್ಲು ತಲೆಯ ಮೇಲೆ ಬೀಳುವುದು. ಇದರ ಪರಿಹಾರಕ್ಕೆ ವಾಹನಪೂರಣದ ಪ್ರತ್ಯೇಕ ದರವರ್ಗದಲ್ಲಿ ಬೇರೊಂದು ಮೀಟರನ್ನು ಹಾಕಿಸಿಕೊಳ್ಳುವುದು ವಿಹಿತ. ಪೆಟ್ರೋಲನ್ನು ತ್ಯಜಿಸಿದ ವಿರಕ್ತನೂ 199ನೆಯ ಯೂನಿಟ್ಟಿನ ಬಳಿ ಚಂಚಲಚಿತ್ತನಾಗುವುದನ್ನು ಲೋಕದಲ್ಲಿ ಕಾಣುತ್ತೇವೆ.

ಇಷ್ಟೆಲ್ಲವೂ ಪೀಠಿಕೆ. ಗ್ರಂಥದ ಹೃದಯವಿರುವುದು ಅರ್ತಿಂಗ್, ಎಂದರೆ ಮೇಲೆ ಹೇಳಿದ ನೆಲದ ಸಂಪರ್ಕದ, ಪ್ರಕರಣದಲ್ಲಿ. ಪೆಟ್ಟಿಗೆಯ ಕಂಪನಿ ಯಾವುದು, ಬಣ್ಣ ಯಾವುದು, ಅದು ಮೊಬೈಲಿನೊಡನೆ ಮಾತನಾಡುವುದೇ ಎಂದು ಮೂರು ಸಂಜೆ ಚರ್ಚಿಸುವ ಗೃಹಸ್ಥನು, ಮನೆ ಕಟ್ಟಿದ ಕಾಲದಲ್ಲಿ ಮೇಸ್ತ್ರಿಯು ಎಲ್ಲಿಯೋ ಹುಗಿದ, ಈಗ ತುಕ್ಕಿನ ರೂಪದಲ್ಲಿ ಮಾತ್ರ ಅಸ್ತಿತ್ವವುಳ್ಳ, ಅರ್ತಿಂಗ್ ಪೈಪಿನ ಕುರಿತು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳಿದರೂ ನಮ್ಮ ವೈರ್‌ಮನ್ನನು ಫೇಸಿಗೂ ಅರ್ತಿಗೂ ನಡುವೆ ನೂರು ವಾಟಿನ ಬಲ್ಬೊಂದನ್ನು ಹಿಡಿದು, “ಬಲ್ಬ್ ಹತ್ಯಾದ ನೋಡ್ರಿ ಸಾಹೇಬ್ರ, ಅರ್ತಿಂಗ್ ಭಾರಿ ಅದಾ” ಎಂದು ನಿರ್ಣಯವನ್ನು ಕೊಡುವನು.

ಈ ಅನುಮಾನವನ್ನು ನ್ಯಾಯಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸೋಣ. ಬೆಟ್ಟದ ಮೇಲೆ ಹೊಗೆಯಿರುವುದರಿಂದ ಬೆಂಕಿಯಿದೆಯೆನ್ನುವುದು ಸದನುಮಾನ, ಏಕೆಂದರೆ ಬೆಂಕಿಯಿಲ್ಲದೆಡೆ ಹೊಗೆಯಿರಲಾರದು. ಬಲ್ಬು ಬೆಳಗುವುದರಿಂದ ಅರ್ತಿಂಗ್ ಉತ್ತಮವೆನ್ನುವುದು ಹಾಗಲ್ಲ. ನೂರು ವಾಟಿನ ಬಲ್ಬಿಗೆ ಬೇಕಾದುದು ಅರ್ಧ ಆಂಪಿಯರಿಗೂ ಕಡಮೆ. ನೆಲದ ನಿರೋಧವು 50 ಓಮ್ ಇದ್ದರೂ ಅದು ಇಪ್ಪತ್ತು ವೋಲ್ಟನ್ನು ಕಳೆದುಕೊಂಡು ಹೆಚ್ಚುಕಡಮೆ ಹಾಗೆಯೇ ಬೆಳಗುವುದು. ಅದೇ ಮನೆಯಲ್ಲಿ ಫೇಸು ಕಾರಿನ ಮೈಗೆ ತಾಗಿದರೆ ಆ 50 ಓಮಿನ ಮೂಲಕ ಐದು ಆಂಪಿಯರೂ ಹರಿಯದು. ವಿದ್ಯುತ್ತನ್ನು ಕಡಿಯಬೇಕಾದ 40 ಆಂಪಿಯರಿನ ಎಂ.ಸಿ.ಬಿ.ಯು ಏನೂ ನಡೆದಿಲ್ಲವೆಂಬಂತೆ ಕುಳಿತಿರುವುದು. ಕಾರಿನ ಬಾಗಿಲಿನ ಹಿಡಿಯಲ್ಲಿ ಯಮನು ಕಾದಿರುವನು. ಸಾಧ್ಯವೆಂಬ ಉತ್ತಮ ಅರ್ತಿಂಗ್ ಇಲ್ಲದ ಕಡೆಯಲ್ಲಿಯೂ ಬಲ್ಬಿನ ಬೆಳಕೆಂಬ ಹೇತುವು ಕಾಣಿಸಿಕೊಳ್ಳುವುದರಿಂದ ಇದು ಸವ್ಯಭಿಚಾರವೆಂಬ ಹೇತ್ವಾಭಾಸ. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಾಯಂತ್ರವನ್ನು ಹಾಕಿಸಲೇಬೇಕೆಂಬುದು ನಿಜ; ಆದರೆ ನೆಲಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ, ಕಾರನ್ನು ಮುಟ್ಟಿದ ಮನುಷ್ಯನೇ ದಾರಿಯಾದ ಮೇಲೆ ಅದಕ್ಕೆ ಎಚ್ಚರವಾಗುವುದು. ನಿರೋಧವನ್ನು ಅಳೆಯುವ ಅರ್ತ್ ಮೆಗ್ಗರೊಂದೇ ಇಲ್ಲಿ ಪ್ರತ್ಯಕ್ಷ ಪ್ರಮಾಣ.

ನೆಲವಾದರೋ ನಮ್ಮ ಸೀಮೆಯಲ್ಲಿ ಏಕರೂಪದ್ದಲ್ಲ. ಯಾದಗಿರಿ ಕೋಟೆಯ ಬುಡದಲ್ಲಿಯೂ, ಗುಡ್ಡಗಳು ಸುತ್ತುವರಿದ ಸುರಪುರದಲ್ಲಿಯೂ ಮೂರಡಿ ಅಗೆಯುವಷ್ಟರಲ್ಲಿ ಗುದ್ದಲಿಗೆ ಬಂಡೆ ತಾಗಿ ಬೆಂಕಿಯ ಕಿಡಿ ಹಾರುವುದು. ಬಂಡೆಯು ವಿದ್ಯುತ್ತಿಗೆ ದಾರಿ ಕೊಡದು. ಕೃಷ್ಣೆಯ ನಾರಾಯಣಪುರ ಕಾಲುವೆಯ ನೀರುಣ್ಣುವ ಎರೆಭೂಮಿಯಾದರೋ ಹಸಿಯಾಗಿರುವವರೆಗೆ ಉದಾರಿ. ಮೇ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನ ಕೈ ಬಿಡುವುದು. ಆದುದರಿಂದಲೇ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಲಂಬವಾಗಿ ನಿಲ್ಲಿಸಿ, ಸುತ್ತಲೂ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಎಂಬ ಕ್ರಮದಲ್ಲಿ ತುಂಬಿ, ಮೇಲೆ ನೀರು ಸುರಿಯಲು ಆಲಿಕೆಯನ್ನಿಡುವ ವಿಧಿಯು ಪ್ರವೃತ್ತವಾಯಿತು. ಈ ಗುಂಡಿಯ ಸ್ಥಳನಿರ್ದೇಶದಲ್ಲಿ ಮನೆಯ ಹಿರಿಯರ ಶಬ್ದಪ್ರಮಾಣವು ಎಂಜಿನಿಯರನ ಮಾತಿಗಿಂತ ಬಲವತ್ತರವಾದುದು. “ಏ ತಮ್ಮಾ, ತುಳಸಿಕಟ್ಟಿ ಬಾಜೂಕ ಉಪ್ಪ್ ಹುಗೀತೀಯೇನೋ? ಗಿಡ ಒಣಗತಾದ!” ಎಂದು ಆಯಿಯು ಗದರಿದಳೆಂದರೆ ಆಕೆ ಶಾಸ್ತ್ರಸಮ್ಮತವಾಗಿಯೇ ಗದರಿದ್ದಾಳೆ. ಬಚ್ಚಲ ನೀರು ಹರಿಯುವ ಕಡೆಯೇ ಪ್ರಶಸ್ತವಾದ ಕ್ಷೇತ್ರ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಈ ಸೀಮೆಗೆ ಸಮೀಪದ ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟಿನ ಉಷ್ಣಸ್ಥಾವರವು ಕೃಷ್ಣೆಯ ದಡದಲ್ಲಿ ಕಲ್ಲಿದ್ದಲನ್ನು ಉರಿಸುತ್ತಿರುವುದು. ಹೀಗಾಗಿ ನಿರ್ಧೂಮವೆಂದು ಖ್ಯಾತವಾದ ಕಾರಿಗೆ ಆ ತುದಿಯಲ್ಲಿ ಕಲ್ಲಿದ್ದಲು ಬಲ, ಈ ತುದಿಯಲ್ಲಿ ಕಟ್ಟಿಗೆಯ ಇದ್ದಿಲು ಕಾವಲು. ಆದಿಲಶಾಹಿಯ ಮೊದಲ ಸುಲ್ತಾನರು ಮಲಗಿರುವ ಶಹಾಪುರ ತಾಲೂಕಿನ ಗೋಗಿಯ ನೆಲದಡಿ ಯುರೇನಿಯಂ ಕೂಡ ಮಲಗಿದೆ. ಅದನ್ನು ಎಬ್ಬಿಸಬೇಕೋ ಬೇಡವೋ ಎಂಬ ವಿವಾದವು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಹೊರಗು. ಎಬ್ಬಿಸಿದರೂ ಉಪ್ಪಿನ ಗುಂಡಿಯಂತೂ ತಪ್ಪದು.

ಆದುದರಿಂದ ವಾಚಕಮಹಾಶಯರಲ್ಲಿ ವಿಜ್ಞಾಪನೆಯೇನೆಂದರೆ, ಕಾರಿಗೆ ಮುಂಗಡ ಹಣವನ್ನು ಕೊಡುವುದಕ್ಕೆ ಮೊದಲೇ ಮೆಗ್ಗರ್ ಇರುವ ವೈರ್‌ಮನ್ನನೊಬ್ಬನನ್ನು ಕರೆಸಿ, ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿಯೇ ಅರ್ತಿಂಗನ್ನು ಅಳೆಯಿಸಿರಿ. ಅಂಕಿಯು 5 ಓಮಿಗಿಂತ ಮೇಲಿದ್ದರೆ ಪೈಪಿನ ಉದ್ದಕ್ಕೆ ಕಡಮೆಯಿಲ್ಲದ ದೂರದಲ್ಲಿ ಇನ್ನೊಂದು ಗುಂಡಿಯನ್ನು ತೋಡಿಸಿ, ಎರಡನ್ನೂ ಪಟ್ಟಿಯಿಂದ ಜೋಡಿಸಿರಿ. ಯುಗಾದಿಯಿಂದ ಮಿರುಗದ ಮಳೆ ಬೀಳುವವರೆಗೆ ಆಲಿಕೆಗೆ ಆಗಾಗ ಒಂದು ಕೊಡ ನೀರು ಹಾಕುವುದನ್ನು ಮರೆಯಬೇಡಿರಿ.